ಗೋಡೆಯ ಮೇಲಿನ ಎಂಟನೆಯ ಉದ್ದೇಶ

ಬೆಳಗಿನ ಐದೂ ಮುಕ್ಕಾಲು. ಏಣಿಯ ಮೇಲೆ ನಿಂತ ಮಿಸ್ ವರ್ನೆಲ್ ಹ್ಯಾಚರ್ ಶಾಲೆಯ ಉದ್ದೇಶವನ್ನು ಅಳಿಸುತ್ತಿದ್ದಾರೆ. ಅಮೆರಿಕದ ಮಿಸಿಸಿಪ್ಪಿ ಡೆಲ್ಟಾದ ಈ ಸರ್ಕಾರಿ ಶಾಲೆಯ ಪಡಸಾಲೆ ಗೋಡೆಯಲ್ಲಿ, ಮೊಳದುದ್ದದ ನೀಲಿ ಅಕ್ಷರಗಳಲ್ಲಿ, ಒಂದು ವಾಕ್ಯ ಸದಾ ಇರಬೇಕು. ಜಿಲ್ಲೆಗೆ ಹೊಸ ಶಿಕ್ಷಣಾಧಿಕಾರಿ ಬಂದರೆ ವಾಕ್ಯವೂ ಹೊಸದು. ಇಪ್ಪತ್ತೊಂಬತ್ತು ವರ್ಷಗಳಿಂದ ಇಲ್ಲಿ ನೆಲ ಒರೆಸಿ ಬಾಯ್ಲರ್ ಹೊತ್ತಿಸುವ ವರ್ನೆಲ್‌ಗೆ ಇದು ಎಂಟನೆಯದು.

"ಮೊದ್ಲು ಒಳ್ಳೇ ಪ್ರಜೆಗಳನ್ನ ಮಾಡ್ತೀವಿ ಅಂತಿತ್ತು. ಆಮೇಲೆ ಕಾರ್ಖಾನೆಗೆ ಕೆಲಸಗಾರರನ್ನ ಅಂದ್ರು. ಕಾರ್ಖಾನೆ ಮೆಕ್ಸಿಕೋಗೆ ಹೋಯ್ತು, ನಾನು ಏಣಿ ಹತ್ತಿದೆ. ಆಮೇಲೆ ಪರೀಕ್ಷೆ ಅಂಕ, ಆಮೇಲೆ ಚೀನಾ ಜೊತೆ ಪೈಪೋಟಿ. ಚಾವಣಿ ಮಾತ್ರ ಅದೇ. ಸೋರ್ತಾನೇ ಇದೆ."

ಅವರು ಓದಿದ್ದೂ ಇಲ್ಲೇ. ಕರಿಯರ ಮಕ್ಕಳೂ ಬಿಳಿಯರ ಮಕ್ಕಳೂ ಒಟ್ಟಿಗೆ ಕೂರಬೇಕೆಂದು ನ್ಯಾಯಾಲಯ ಹೇಳಿದಾಗ ಅವರಿಗೆ ಒಂಬತ್ತು ವರ್ಷ. ವಾರದೊಳಗೆ ಬಿಳಿಯ ಮಕ್ಕಳೆಲ್ಲ ಹೊಸ ಖಾಸಗಿ ಶಾಲೆಗೆ ಹೋದರು. "ಅಮ್ಮ, 'ಹೋಗ್ಲಿ ಬಿಡೇ, ಇನ್ಮೇಲೆ ಪುಸ್ತಕ ಎಲ್ರಿಗೂ ಸಾಲತ್ತೆ' ಅಂದ್ಳು. ಅದೂ ಸಾಲ್ಲಿಲ್ಲ."

ದಿನಕ್ಕೆ ಇಪ್ಪತ್ತೆರಡು ಕೋಣೆ, ಸೋರುವಲ್ಲಿ ಹನ್ನೊಂದು ಬಕೆಟ್. ಪಟ್ಟಿಯಲ್ಲಿಲ್ಲದ ಕೆಲಸ ಒಂದಿತ್ತು. ಕೋಳಿಮಾಂಸದ ಕಾರ್ಖಾನೆಯ ಮೊದಲ ಪಾಳಿಗೆ ಹೋಗುವ ತಾಯಂದಿರು ಆರಕ್ಕೇ ಮಕ್ಕಳನ್ನು ಬಿಟ್ಟು ಹೋಗುತ್ತಾರೆ. ಶಾಲೆ ತೆರೆಯುವುದು ಏಳೂವರೆಗೆ. ವರ್ನೆಲ್ ಪಕ್ಕದ ಬಾಗಿಲು ತೆಗೆದು, ಎಂಟು ಮಕ್ಕಳನ್ನು ಬಾಯ್ಲರ್ ಬಳಿ ಕೂರಿಸಿ, ಮನೆಯಿಂದ ತಂದ ಮೆಕ್ಕೆಜೋಳದ ಬ್ರೆಡ್ ಕೊಡುತ್ತಿದ್ದರು. ನಿನ್ನೆ ಮುಖ್ಯೋಪಾಧ್ಯಾಯ ಯೂಬ್ಯಾಂಕ್ಸ್‌ಗೆ ಗೊತ್ತಾಯಿತು. ಮಗು ಜಾರಿ ಬಿದ್ದರೆ ಯಾರು ಹೊಣೆ? ಇನ್ನೊಮ್ಮೆ ಬಾಗಿಲು ತೆಗೆದರೆ ಕೆಲಸ ಹೋಗುತ್ತದೆ. ಕೆಲಸದ ಜೊತೆಗೆ, ಗಂಡ ಕ್ಲಿಯಾನ್‌ನ ಕ್ಯಾನ್ಸರ್ ಚಿಕಿತ್ಸೆ ನಡೆಸುತ್ತಿರುವ ವಿಮೆಯೂ.

ಇವತ್ತು ಹೊರಗೆ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದೆ. ಎಂಟೂ ಮಕ್ಕಳು ಪಕ್ಕದ ಬಾಗಿಲು ಬಡಿದು ಸಾಕಾಗಿ ಮುಂಬಾಗಿಲ ಗಾಜಿಗೆ ಬಂದಿದ್ದಾರೆ. ಹನ್ನೊಂದು ವರ್ಷದ ಒಕ್ಟೇವಿಯಾ ಗಾಜು ಕುಟ್ಟುತ್ತಾಳೆ.

"ಮಿಸ್ ವರ್ನೆಲ್! ಕಿವಿ ಹೋಯ್ತಾ? ಬ್ರೆಡ್ಡೆಲ್ಲಾ ನೀವೇ ನುಂಗಿದ್ರಾ?"

ಮಕ್ಕಳು ನಗುತ್ತಾರೆ. ವರ್ನೆಲ್ ತಿರುಗುವುದಿಲ್ಲ. 'ಪ್ರತಿ ಮಗುವೂ, ಪ್ರತಿ ದಿನವೂ, ಗೆಲುವಿನತ್ತ' ಎಂಬುದರಲ್ಲಿ ಮೊದಲ ಸಾಲು ಮುಗಿದು ಎರಡನೆಯದು ನಡೆದಿದೆ. ಕೆಳಗೆ ಕಾಫಿ ಹಿಡಿದು ನಿಂತ ಯೂಬ್ಯಾಂಕ್ಸ್ ಕತ್ತು ಓರೆ ಮಾಡಿ ನೋಡುತ್ತಾರೆ.

"ಮಿಸ್ ವರ್ನೆಲ್, ಎರಡನೇ ಸಾಲು ಸ್ವಲ್ಪ ಸೊಟ್ಟ ಆಯ್ತಲ್ಲ."

"ನೆಟ್ಟಗೆ ಮಾಡ್ತೀನಿ ಸಾರ್."

ಏಳಕ್ಕೆ ನಗು ನಿಂತಿದೆ. ಚಿಕ್ಕವರು ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದಾರೆ. ಒಕ್ಟೇವಿಯಾ ಮಾತ್ರ ಕೂತಿಲ್ಲ. ಗಾಜಿಗೆ ಹಣೆಯಿಟ್ಟು ಏಣಿಯನ್ನೇ ದಿಟ್ಟಿಸುತ್ತಿದ್ದಾಳೆ.

ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ವರ್ನೆಲ್ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸುತ್ತಾರೆ.

"ಆ ಹುಡುಗಿ ಇವತ್ತನ್ನ ಮರೀಬಾರ್ದು. ನನ್ನ ಮೇಲೆ ಸಿಟ್ಟು ಇಟ್ಕೊಂಡೇ ದೊಡ್ಡವಳಾಗ್ಲಿ. ಅಷ್ಟು ಕಲ್ಸಿದ್ರೂ ಸಾಕು ಈ ಶಾಲೆ."