ಕಣ್ಣು ಬಿಟ್ಟ ಅತ್ತೆ

ಟಚಪ್ ಅಕ್ಕ ಎಂಬ ಹೆಸರನ್ನು ಆಕೆಗೆ ಇಟ್ಟವರು ಬೀದಿಯವರು. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು, ಬಂದವರ ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒರೆಸಿಹಾಕುವುದು ಆಕೆಯ ಕೆಲಸ. ಪಾಸ್‌ಪೋರ್ಟ್ ಫೋಟೋಗೆ ಬಂದವರು ಹೋಗುವಾಗ, ಸ್ವಲ್ಪ ಮುಖ ನೋಡಿ ಮಾಡಿ ಅಕ್ಕ ಎಂದು ಗುಟ್ಟಾಗಿ ಹೇಳಿ ಹೋಗುತ್ತಿದ್ದರು. ಆಕೆ ಮಾತ್ರ ಮುಖ ನೋಡಿ ಮಾಡಿದ್ದೇ ಇಲ್ಲ. ಪರದೆಯ ಮೇಲೆ ಫೋಟೋವನ್ನು ತಲೆಕೆಳಗು ಮಾಡಿಕೊಂಡ ಮೇಲೆಯೇ ಕೈ ಹಚ್ಚುವುದು. ನೆಟ್ಟಗಿದ್ದರೆ ಮುಖ ಮಾತಾಡಿಸುತ್ತದೆ. ಒಬ್ಬರನ್ನು ಕಂಡರೆ ಕನಿಕರ ಹುಟ್ಟುತ್ತದೆ, ಇನ್ನೊಬ್ಬರನ್ನು ಕಂಡರೆ ಮೈ ಉರಿಯುತ್ತದೆ, ಕೈ ಅಳತೆ ತಪ್ಪುತ್ತದೆ. ತಲೆಕೆಳಗಾದ ಮುಖ ಯಾರದೂ ಅಲ್ಲ. ಬರೀ ಚರ್ಮ, ಬರೀ ನೆರಳು. ಮುಖ ನೋಡಿ ಮಣೆ ಹಾಕದ ಮನುಷ್ಯರು ಎಲ್ಲಾದರೂ ಇದ್ದರೆ ಅದು ಈಕೆಯೇ.

ಅತ್ತೆಗೆ ಈ ಕಸುಬು ಕಂಡರೆ ಆಗದು. 'ಇರೋ ಮುಖ ಬಿಟ್ಟು ಸುಳ್ಳು ಮುಖ ಮಾಡೋ ಕೆಲಸ' ಎಂದು ಮೂಗು ಮುರಿಯುತ್ತಿದ್ದರು. ಸೊಸೆ ಮನೆಗೆ ಬಂದು ವರ್ಷಗಳೇ ಕಳೆದರೂ ಆ ಮೂಗು ನೆಟ್ಟಗಾಗಿರಲಿಲ್ಲ.

ಆದರೆ ಅತ್ತೆಗೂ ಒಂದು ಕೊರಗಿತ್ತು. ಯಾವ ಫೋಟೋಗೆ ನಿಂತರೂ ಅವರ ಕಣ್ಣು ಮುಚ್ಚಿರುತ್ತಿತ್ತು. ಕ್ಯಾಮೆರಾಕ್ಕೂ ಅವರ ರೆಪ್ಪೆಗೂ ಏನೋ ಒಳ ಒಪ್ಪಂದ. ಮಾವನಂತೂ ಮನೆಗೆ ಬಂದವರಿಗೆಲ್ಲ ಆಲ್ಬಮ್ ತೋರಿಸಿ, ಇವಳು ನನ್ನನ್ನು ಕಣ್ಣು ಮುಚ್ಚಿಕೊಂಡೇ ಮದುವೆಯಾದಳು ಎಂದು ನಗಿಸುತ್ತಿದ್ದರು. ಅತ್ತೆಯೂ ನಗುತ್ತಿದ್ದರು, ಆಮೇಲೆ ಆಲ್ಬಮ್ಮನ್ನು ಬೀರುವಿನ ಮೂಲೆಗೆ ತಳ್ಳುತ್ತಿದ್ದರು. ಒಂದು ದಿನ ಒಣಗಿದ ಬಟ್ಟೆ ಮಡಚುತ್ತಾ, ಸೊಸೆಯ ಕಡೆ ತಿರುಗದೆ ಕೇಳಿದರು.

'ನಾನು ಹೋದಮೇಲೆ ಗೋಡೆ ಮೇಲೂ ಕಣ್ಣು ಮುಚ್ಕೊಂಡೇ ಇರಬೇಕಾ? ಒಂದೇ ಒಂದರಲ್ಲಿ ಬಿಡಿಸಿಕೊಡು ನೋಡೋಣ.'

ಅತ್ತೆ ಸೊಸೆಯ ಕೈಕೆಲಸ ಬೇಕೆಂದು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಇದೊಂದು ಚೆನ್ನಾಗಿ ಬಂದರೆ ಆ ಮೂಗು ನೆಟ್ಟಗಾಗುತ್ತದೆ, ಕೆಟ್ಟರೆ ಈ ಜನ್ಮಕ್ಕಿಲ್ಲ ಎಂದುಕೊಂಡಳು.

ಅತ್ತೆಗೆ ಹೊಸ ಬಟ್ಟೆ ಉಡಿಸಿ ಕೂರಿಸಿ ಫೋಟೋ ತೆಗೆದದ್ದಾಯಿತು. ಎಂದಿನಂತೆ ಕಣ್ಣಿಗೆ ನಿದ್ದೆ. ತೆರೆದ ಕಣ್ಣಿಗಾಗಿ ಹಳೆಯ ಫೋಟೋಗಳನ್ನೆಲ್ಲ ಜಾಲಾಡಿದಾಗ, ಮನೆಯವರೆಲ್ಲ ಊಟಕ್ಕೆ ಕೂತಿದ್ದ ಒಂದರ ಅಂಚಿನಲ್ಲಿ ಅತ್ತೆ ಸಿಕ್ಕರು. ಕ್ಯಾಮೆರಾ ಇದ್ದದ್ದು ಗೊತ್ತಿಲ್ಲದ್ದರಿಂದ ರೆಪ್ಪೆ ತೆರೆದೇ ಇತ್ತು. ಟಚಪ್ ಅಕ್ಕ ಮಿಕ್ಕಿದ್ದೇನನ್ನೂ ನೋಡದೆ ಎರಡು ಕಣ್ಣನ್ನಷ್ಟೇ ಕತ್ತರಿಸಿಕೊಂಡಳು. ಎಡವಟ್ಟಾದದ್ದು ಅಲ್ಲೇ. ಪರದೆಯ ಮೇಲಿದ್ದ ಮುಖ ತಲೆಕೆಳಗು, ಕತ್ತರಿಸಿದ ಕಣ್ಣು ನೆಟ್ಟಗೆ. ಇದ್ದದ್ದು ಇದ್ದ ಹಾಗೆಯೇ ಕೂರಿಸಿಬಿಟ್ಟಳು. ನೆಟ್ಟಗಿರುವ ಮುಖದಲ್ಲಿ ಕೂದಲೆಳೆ ಆಚೀಚೆಯಾದರೂ ಹಿಡಿದುಬಿಡುವ ನಮ್ಮ ಕಣ್ಣು, ಮುಖ ಬುಡಮೇಲಾದರೆ ಶುದ್ಧ ದಡ್ಡ. ಆಕೆಗೆ ಎಲ್ಲವೂ ಚೆಂದವಾಗಿಯೇ ಕಂಡಿತು. ಹಾಗೇ ಪ್ರಿಂಟಿಗೆ ಕಳಿಸಿದಳು. ಫೋಟೋಗೆ ಕಟ್ಟು ಹಾಕುವವನೂ ಮೇಜಿನ ಆಚೆ ಬದಿಯಿಂದ ತಲೆಕೆಳಗಾಗಿಯೇ ನೋಡಿ, ಭೇಷ್ ಎಂದು ಕಾಗದ ಸುತ್ತಿ ಕೊಟ್ಟ.

ಭಾನುವಾರ ಎಲ್ಲರ ಎದುರು ಮಾವ ಕಾಗದ ಬಿಚ್ಚಿ ಫೋಟೋ ಎತ್ತಿ ಹಿಡಿದರು. ಮೇಲಿನ ರೆಪ್ಪೆ ಕೆಳಗೆ, ಕೆಳಗಿನದು ಮೇಲೆ. ಅತ್ತೆ ಯಾರನ್ನೋ ಹಸಿಯಾಗಿ ನುಂಗಲು ಹೊರಟವರಂತಿದ್ದರು. ಇದು ಯಾರು ಎಂದರು ಮಾವ, ನಿಜವಾಗಿಯೂ ಗೊತ್ತಾಗದೆ. ನಾದಿನಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದು ನಕ್ಕಳು. ಟಚಪ್ ಅಕ್ಕನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು.

ಅತ್ತೆ ಫೋಟೋ ಈಸಿಕೊಂಡು ಅತ್ತಿತ್ತ ತಿರುಗಿಸಿದರು. ತಲೆಕೆಳಗು ಮಾಡಿ ಕುರ್ಚಿಗೆ ಒರಗಿಸಿದರೆ, ಅರೆ, ಅತ್ತೆ ಅತ್ತೆಯಾದರು. ನೋಡಲು ಬಂದವರೇ ತಲೆಕೆಳಗಾಗಿ ನಿಂತರೆ ಸರಿಹೋಗುತ್ತದೆ ಬಿಡಿ ಎಂದು ತಾವೂ ಒಂದು ನಗೆಯಾಡಿ ಒಳಗೆ ಹೋದರು. ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಸೊಸೆಗೆ ಅಳು ಬಂದದ್ದು ಆ ಬಾಗಿಲಿನ ಸದ್ದಿಗೆ.

ಮರುದಿನ ಆಕೆ ಮೊದಲ ಬಾರಿಗೆ ಪರದೆಯ ಮೇಲೆ ಅತ್ತೆಯ ಮುಖವನ್ನು ನೆಟ್ಟಗಿಟ್ಟುಕೊಂಡು ಕೆಲಸಕ್ಕೆ ಕೂತಳು. ಅಂದುಕೊಂಡಂತೆಯೇ ಅದು ಮಾತಾಡಿಸಿತು, ಸುಕ್ಕು ಒರೆಸಲು ಕೈ ಬರಲಿಲ್ಲ. ಊಟದ ಫೋಟೋವನ್ನೂ ಈ ಸಲ ಪೂರ್ತಿಯಾಗಿ ತೆರೆದಳು. ಅತ್ತೆಯ ನೋಟದ ಜಾಡು ಹಿಡಿದು ಹೋದರೆ, ಮೇಜಿನ ಆ ತುದಿಯಲ್ಲಿ ಬಾಯಿ ತುಂಬ ತುತ್ತು ಇಟ್ಟುಕೊಂಡು ನಗುತ್ತಿದ್ದವಳು ತಾನೇ. ಆಮೇಲೆ ಆ ಕಣ್ಣನ್ನೇ ನೆಟ್ಟಗಿದ್ದ ಮುಖಕ್ಕೆ ಕೂರಿಸಿದಳು.

ಹೊಸ ಫೋಟೋವನ್ನು ಅತ್ತೆ ಕಿಟಕಿಯ ಬಳಿ ಒಯ್ದು ನೋಡಿದರು.

'ಇಷ್ಟೊಂದು ಅಕ್ಕರೆಯಿಂದ ಯಾರನ್ನ ನೋಡ್ತಿದೀನಿ ಇಲ್ಲಿ?'

ಸೊಸೆ ಊಟದ ಫೋಟೋ ಮುಂದೆ ಹಿಡಿದಳು. ಅತ್ತೆ ಅದನ್ನು ನೋಡಿದರು, ಸೊಸೆಯನ್ನು ನೋಡಿದರು, ಸಿಕ್ಕಿಬಿದ್ದವರಂತೆ ಸೆರಗು ಸರಿಮಾಡಿಕೊಂಡರು. ಹಾಗೆ ಬಾಯಿ ತುಂಬಿಕೊಂಡು ನಕ್ಕರೆ ನೆತ್ತಿಗೇರುತ್ತದಲ್ಲ, ಅದಕ್ಕೇ ನೋಡುತ್ತಿದ್ದೆ ಎಂದು ಗದರಿದರು. ಮೂಗು ಮುರಿಯಲೂ ಹೊರಟರು, ಯಾಕೋ ಅದು ಈ ಸಲ ಮುರಿಯಲಿಲ್ಲ.

'ಮುಖ ನೀನು ಏನಾದ್ರೂ ಮಾಡ್ಕೋ' ಎಂದರು ಕೊನೆಗೆ. 'ಈ ಕಣ್ಣು ಮಾತ್ರ ಸುಳ್ಳಲ್ಲ.'

ಹೇಳಿದವರೇ ಹೋಗಿ ಮೊಳೆ, ಸುತ್ತಿಗೆ ತಂದರು.