ಹೊಸ ಕಾರು, ಬರಿಗಾಲ ಸವಾರಿ

ಗೆಳೆಯರೇ, ಮನೆಮಂದಿಯನ್ನೆಲ್ಲ ತುಂಬಿಕೊಂಡು ಓಡಾಡಿದ ಹಳೇ ವ್ಯಾನು ಕೊಟ್ಟು ಭಾರಿ ಕಾರು ತಂದೆವಲ್ಲ, ಇಂದು ಅದರಲ್ಲೇ ಚಳ್ಳಕೆರೆಯಿಂದ ರಾಂಪುರಕ್ಕೆ, ಕಿರಿಯ ತಮ್ಮನಿಗೆ ಹೆಣ್ಣು ನೋಡಲು ಹೋದೆವು. ಹೊರಗೆ ಬಿಸಿಲ ಕೆಂಪು, ಒಳಗೆ ಗುಡಿಯ ತಂಪು. ಅವ್ವ ಸೀಟು ಸವರುತ್ತಾ, "ಲೇ, ಗಾಡಿ ಹೊಂಟೈತೋ, ನಿಂತೈತೋ?" ಎಂದಳು. ದಾರಿಯುದ್ದಕ್ಕೂ ಯಾರೂ ಜೋರಾಗಿ ಮಾತಾಡಲಿಲ್ಲ.

ಇಳಿದ ಕೂಡಲೇ ಕಾಲು ಸುಟ್ಟವು. ಎಲ್ಲರೂ ಬರಿಗಾಲು! ಹೊಸ ಗಾಡಿಗೆ ಮರ್ಯಾದೆಯೆಂದು ಹತ್ತುವಾಗ ಬಿಟ್ಟ ಮೆಟ್ಟುಗಳು ಚಳ್ಳಕೆರೆಯ ನಮ್ಮ ಬಾಗಿಲಲ್ಲೇ ಉಳಿದಿದ್ದವು.

ಎದುರುಗೊಳ್ಳಲು ಬಂದ ಹುಡುಗಿಯ ತಂದೆ, "ಏನ್ರೀ, ಹರಕೆ ಹೊತ್ತೀರಾ?" ಎಂದರು. ತಮ್ಮನ ಮುಖ ಸಪ್ಪಗಾಯಿತು. ಹುಡುಗಿಯ ಫೋಟೋ ನೋಡಿದಾಗಿನಿಂದ ಅವನಿಗೆ ನಿದ್ದೆಯಿಲ್ಲ. ಅವ್ವ ಮಾತ್ರ ಇದ್ದದ್ದನ್ನೇ ಹೇಳಿಬಿಟ್ಟಳು: "ಹರಕೆ ಅಲ್ರೀ, ಹೊಸ ಗಾಡಿ. ಮೆಟ್ಟಾಕ್ಕಂಡು ಹತ್ತಾಕೆ ಮನಸ್ ಬರ್ಲಿಲ್ಲ."

ಅವರು ನಗಲಿಲ್ಲ. ಕಾರಿಗೆ ಒಂದು ಸುತ್ತು ಬಂದು, "ಒಳಗ್ ಕೂತ್ ನೋಡ್ಲೇನ್ರೀ?" ಎಂದು ಕೇಳಿ, ಬೀದಿಯಲ್ಲೇ ಮೆಟ್ಟು ಬಿಟ್ಟು ಹತ್ತಿದರು. ನನಗಾಗಲೇ ಗೊತ್ತಾಯಿತು, ಇದು ನಮ್ಮ ಮನೆತನಕ್ಕೆ ತಕ್ಕ ಸಂಬಂಧ.

ಸಂಬಂಧ ಕುದುರಿತು. ಬರುವಾಗ ಬೀಗರು ಎಲ್ಲರಿಗೂ ಮೆಟ್ಟು ಕೊಟ್ಟರು. ಬೀಗರು ಕೊಟ್ಟ ಮೆಟ್ಟು, ಕಾರಲ್ಲಿ ಕೂತೆವು ಪೇಪರಲ್ಲಿ ಸುತ್ತಿ ತೊಡೆಮೇಲಿಟ್ಟು.