ಹುಣಸೆಹಣ್ಣಿನಲ್ಲಿ ತೊಳೆದ ನಾಣ್ಯಗಳು

2018ರಲ್ಲಿ ನಾನು ಮೆಲ್ಬರ್ನ್‌ನ ಒಂದು ವಸ್ತುಸಂಗ್ರಹಾಲಯದಲ್ಲಿ ಮೆಟಲ್ ಕನ್ಸರ್ವೇಟರ್ ಆಗಿದ್ದೆ. ಹಳೆಯ ಲೋಹದ ವಸ್ತುಗಳು ಇನ್ನಷ್ಟು ಹಾಳಾಗದಂತೆ ಕಾಪಾಡುವುದು ನನ್ನ ಕೆಲಸ. ಆ ವರ್ಷ ಸಿಡ್ನಿಯ ಗಿರಾವೀನ್‌ನಿಂದ ಫ್ಲೇವಿಯಾ ಎಂಬ ಹಿರಿಯರೊಬ್ಬರು ತಮ್ಮ ದಿವಂಗತ ಪತಿಯ ನಾಣ್ಯಸಂಗ್ರಹವನ್ನು ನಮಗೆ ದಾನ ಕೊಡುವುದಾಗಿ ಬರೆದರು. ತರಲು ನಾನು ಹೋದೆ.

ಅವರ ಪತಿ ಡೆನಿಸ್ ರೈಲ್ವೆ ಎಂಜಿನಿಯರ್ ಆಗಿದ್ದವರು. ರೋಮ್ ಸಾಮ್ರಾಜ್ಯ ಕುಸಿದ ಮೇಲೆ ಅದರ ನೆಲದಲ್ಲಿ ತಲೆಯೆತ್ತಿದ ರಾಜ್ಯಗಳ, ಅಂದರೆ ಉತ್ತರ ಆಫ್ರಿಕಾದ ವ್ಯಾಂಡಲರ, ಇಟಲಿಯ ಆಸ್ಟ್ರೋಗೋತರ ಕಂಚಿನ ಚಿಲ್ಲರೆ ನಾಣ್ಯಗಳನ್ನು ಮೂವತ್ತು ವರ್ಷ ಕೂಡಿಸಿದ್ದರು. ಒಟ್ಟು 214. ಒಂದೊಂದೂ ಅಂಗಿಯ ಗುಂಡಿಗಿಂತ ಚಿಕ್ಕದು. ಇಂಥವುಗಳಲ್ಲಿ ಎಷ್ಟೋ ಸಲ ಒಳಗಿನ ಲೋಹ ಸವೆದುಹೋಗಿ, ಅಕ್ಷರಗಳು ಮೇಲಿನ ಹಸಿರು ಪದರದಲ್ಲಿ ಮಾತ್ರ ಉಳಿದಿರುತ್ತವೆ. ಆ ಪದರಕ್ಕೆ ಪ್ಯಾಟಿನಾ ಎನ್ನುತ್ತೇವೆ.

ಫ್ಲೇವಿಯಾ ಆಂಟಿ ಮಂಗಳೂರಿನವರು. ನಾನು ಧಾರವಾಡದವನೆಂದು ತಿಳಿದ ಕೂಡಲೇ ಕನ್ನಡಕ್ಕೆ ಹೊರಳಿದರು. ಪೆಟ್ಟಿಗೆ ತೆರೆದೆ. ಮೂರನೆಯ ಟ್ರೇಯಲ್ಲಿದ್ದ 23 ನಾಣ್ಯಗಳು ಹೊಸ ತಾಮ್ರದಂತೆ ಹೊಳೆಯುತ್ತಿದ್ದವು.

"ಹುಣಸೆಹಣ್ಣು, ಉಪ್ಪು ಹಾಕಿ ತೊಳೆದೆ. ಮ್ಯೂಸಿಯಂಗೆ ಕೊಳಕು ಕೊಡುವುದು ಹೇಗೆ? ಬೆರಳು ನೋವು ಬಂತು, ಉಳಿದದ್ದು ಬಿಟ್ಟೆ," ಎಂದರು.

ನನ್ನ ಬಾಯಿಂದ ಮಾತು ಜಾರಿಯೇ ಹೋಯಿತು: "ಹಂಗ ಮಾಡಬಾರದಿತ್ತ್ರಿ ಆಂಟಿ. ಎಲ್ಲಾ ಹೋತು."

ಅವರು ಕುರ್ಚಿ ಹಿಡಿದು ಕೂತರು. ಪತಿಯ ನೋಟ್‌ಬುಕ್ ತೆಗೆದು ಒಂದು ಸಾಲು ತೋರಿಸಿದರು: ಟ್ರೇ 3, ನಂಬರ್ 9. ರಾಜನ ಹೆಸರಿನ ಅಕ್ಷರಗಳನ್ನು ಒಂದರೊಳಗೊಂದು ಹೆಣೆದ ಮೊನೊಗ್ರಾಮ್ ಇದ್ದ ನಾಣ್ಯ. ಅದಕ್ಕಾಗಿ ಹನ್ನೊಂದು ವರ್ಷ ಹುಡುಕಿದ್ದಾಗಿ ಡೆನಿಸ್ ಬರೆದಿದ್ದರು.

"ಇದು ಕೂಡ ಹೋಯಿತಾ?" ಎಂದು ಕೇಳಿದರು. ನಾನು ಪೆಟ್ಟಿಗೆಯ ಮುಚ್ಚಳ ಹಾಕಿದೆ.

ಮೆಲ್ಬರ್ನ್‌ಗೆ ಬರುವಷ್ಟರಲ್ಲಿ ಆರು ನಾಣ್ಯಗಳ ಮೇಲೆ ತಿಳಿಹಸಿರು ಪುಡಿ ಕಾಣಿಸಿಕೊಂಡಿತ್ತು. ಉಪ್ಪಿನ ಅಂಶ ಗಾಳಿಯ ತೇವದೊಂದಿಗೆ ಸೇರಿ ಕಂಚನ್ನು ತಿನ್ನುವ ಈ ಕಾಯಿಲೆಗೆ ಬ್ರಾಂಜ್ ಡಿಸೀಸ್ ಎಂದು ಹೆಸರು. ಇಪ್ಪತ್ತಮೂರನ್ನೂ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿದೆ. ಉಪ್ಪಿನ ಅಂಶ ಪೂರ್ತಿ ಹೋಗುವವರೆಗೆ ದಿನವೂ ನೀರು ಬದಲಿಸಬೇಕು. ಐದು ವಾರ ಹಿಡಿಯಿತು. ಪ್ರತಿ ಸೋಮವಾರ ಆಂಟಿ ಫೋನ್ ಮಾಡುತ್ತಿದ್ದರು. "ಎಂತ ಆಯಿತು?" ಎಂಬ ಒಂದೇ ಪ್ರಶ್ನೆ. "ಇನ್ನೂ ನೀರಿನ್ಯಾಗ ಅದಾವ್ರಿ," ಎನ್ನುತ್ತಿದ್ದೆ. ಒಂದು ಸೋಮವಾರ, ಸರಿಯಾಗಿ ಊಟ ಮಾಡುತ್ತಿಲ್ಲ ಎಂದೂ ಹೇಳಿದರು. ಆ ದಿನವೆಲ್ಲ ಕೆಲಸದ ಮೇಲೆ ಮನಸ್ಸು ನಿಲ್ಲಲಿಲ್ಲ.

ಒಣಗಿಸಿದ ಮೇಲೆ ಒಂಬತ್ತನೆಯದನ್ನು ಮೈಕ್ರೋಸ್ಕೋಪಿನಡಿ ಇಟ್ಟು, ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟೆ. ಮೊನೊಗ್ರಾಮಿನ ಒಂದೊಂದು ಗೆರೆಯೂ ಇತ್ತು. ಅದರ ಒಳಗಿನ ಲೋಹ ಸವೆಯದೆ ಗಟ್ಟಿಯಾಗಿತ್ತು. ಆಂಟಿ ಬ್ರಶ್ ಮುಟ್ಟದೆ, ನೋಯುವ ಬೆರಳಿನಿಂದ ಮೆಲ್ಲಗೆ ಉಜ್ಜಿದ್ದರಿಂದ ಗೆರೆಗಳು ಅಳಿಸಿರಲಿಲ್ಲ.

ಅಂದೇ ಫೋನ್ ಮಾಡಿದೆ. "ಹತ್ತೊಂಬತ್ತು ಉಳದಾವ್ರಿ ಆಂಟಿ. ನಾಲ್ಕು ಹೋದುವು. ಒಂಬತ್ತನೇದು ಛಲೋ ಐತಿ. ಅವತ್ತು ನಾ ಪರೀಕ್ಷೆ ಮಾಡದನ ಮಾತಾಡಿಬಿಟ್ಟೆ, ತಪ್ಪಾತು."

"ನಾಲ್ಕು ಹೋದದ್ದಕ್ಕೆ ಡೆನಿಸ್ ಇದ್ದಿದ್ದರೆ ನನಗೆ ಬೈಯುತ್ತಿದ್ದರು," ಎಂದರು ಆಂಟಿ. ಆಮೇಲೆ, "ಇವತ್ತು ನನಗೆ ಊಟ ಸೇರ್ತದೆ," ಎಂದು ನಕ್ಕರು.

ಕಣ್ಣಿಗೆ ಕಾಣುವ ಹಾನಿ ಬೇರೆ, ಪರೀಕ್ಷೆಯಲ್ಲಿ ಕಾಣುವುದು ಬೇರೆ. ಇವೆರಡರ ನಡುವಿನ ದಿನಗಳನ್ನು ಎದುರಿಗಿರುವವರು ನಮ್ಮ ಮಾತನ್ನು ಹೊತ್ತುಕೊಂಡೇ ಕಳೆಯುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವುದೂ ನನ್ನ ವೃತ್ತಿಯ ಭಾಗವೆಂದು ಕಲಿಯಲು ನನಗೆ ಈ ಕೆಲಸದಲ್ಲಿ ಇಪ್ಪತ್ತಾರು ವರ್ಷ ಬೇಕಾಯಿತು.